ಅರ್ಧ ಗಂಟೆಗೆಂದು ಬಂದು ಖಾಯಂ ಆದವರಿಗೆ

ಇವರಿಂದ: ಲ್ಯಾಬ್ ಅಸಿಸ್ಟೆಂಟ್ (ಗುತ್ತಿಗೆ), ಕಂಪ್ಯೂಟರ್ ವಿಭಾಗ, ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಪದವಿ ಕಾಲೇಜು.

ಇವರಿಗೆ: ಶ್ರೀಯುತ ತಾತ್ಕಾಲಿಕ ರೂಲ್ ಅವರು, ವ್ಯಾನ್ ಪಟ್ಟಿ, ಫೈರ್‌ವಾಲ್ ಸರ್ವರ್, ಮೆಟ್ಟಿಲ ಕೆಳಗಿನ ಕೋಣೆ, ಅದೇ ಕಾಲೇಜು.

ವಿಷಯ: ತಾವು ಖಾಯಂ ಆದ ಬಗೆಯನ್ನು ತಿಳಿಸಿಕೊಡುವಂತೆ ಕೋರಿ.

ಉಲ್ಲೇಖ: ತಮ್ಮ ಎದುರಿಗೆ ನಾನೇ ಬರೆದ ಷರಾ: "ಟೆಂಪ್. ಕ್ಯಾಮೆರಾದವರಿಗೆ. ಸಂಜೆ ತೆಗೆಯುವುದು."

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ನಾಲ್ಕು ವರ್ಷದ ಹಿಂದೆ ಒಂದು ಶುಕ್ರವಾರ ಮಧ್ಯಾಹ್ನ ಅರ್ಧ ಗಂಟೆಯ ಮಟ್ಟಿಗೆ ಸೇವೆಗೆ ಸೇರಿದಿರಿ. ಆ ಅರ್ಧ ಗಂಟೆ ಇನ್ನೂ ಮುಗಿದಿಲ್ಲ.

ನಾನು ತಮಗಿಂತ ಎರಡು ವರ್ಷ ಮೊದಲು ಸೇರಿದವನು. ನನಗೆ ಹನ್ನೊಂದು ತಿಂಗಳಿಗೊಂದು ಆದೇಶ. ಒಂದು ಆದೇಶ ಮುಗಿದು ಇನ್ನೊಂದು ಶುರುವಾಗುವ ನಡುವೆ ಒಂದು ದಿನದ ಬ್ರೇಕ್. ಆ ದಿನ ನಾನು ಈ ಕಾಲೇಜಿಗೆ ಯಾರೂ ಅಲ್ಲ. ಮುಂದೊಂದು ದಿನ ನಾನು ಯಾರ ಮುಂದಾದರೂ ನಿಂತು "ನನ್ನ ಸೇವೆ ನಿರಂತರವಾಗಿತ್ತು" ಅಂದುಬಿಟ್ಟರೆ ಕಷ್ಟ ನೋಡಿ, ಅದಕ್ಕೆ ಈ ಏರ್ಪಾಡು. ತಮಗೆ ಆದೇಶವೂ ಇಲ್ಲ, ಬ್ರೇಕೂ ಇಲ್ಲ. ತಾವು ಅರ್ಜಿ ಹಾಕಲಿಲ್ಲ, ಸಂದರ್ಶನಕ್ಕೆ ಬರಲಿಲ್ಲ, ಶಾಸಕರ ಮನೆ ಮುಂದೆ ಬೆಳಿಗ್ಗೆ ಆರಕ್ಕೆ ಹೋಗಿ ನಿಲ್ಲಲಿಲ್ಲ, ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಲಿಲ್ಲ. ಆದರೂ ಖಾಯಂ.

ಬಹಿರಂಗ ಪತ್ರ ಯಾಕೆ ಎಂದು ಕೇಳಬಹುದು. ತಮ್ಮ ಸ್ವಭಾವವೇ ಬಹಿರಂಗ. ಎಲ್ಲಿಂದ ಬರುವವರು: ಯಾರಾದರೂ. ಎಲ್ಲಿಗೆ: ಕ್ಯಾಮೆರಾದ ಡಿವಿಆರ್‌ಗೆ. ಯಾವ ಪೋರ್ಟ್: ಯಾವುದಾದರೂ. ಏನು ಮಾಡಬೇಕು: ಒಳಗೆ ಬಿಡಬೇಕು. ಇಷ್ಟು ಉದಾರಿಗಳಿಗೆ ಲಕೋಟೆ ಅಂಟಿಸಿ ಪತ್ರ ಬರೆದರೆ ಅವಮಾನ ಮಾಡಿದಂತೆ.

ತಮಗೆ ಮನೆ ಕಟ್ಟಿಕೊಟ್ಟವನು ನಾನೇ ಆದ್ದರಿಂದ ಗೃಹಪ್ರವೇಶಕ್ಕೆ ಮುಂಚಿನ ಕಥೆಯನ್ನೂ ಹೇಳಿಬಿಡುತ್ತೇನೆ. ನಮ್ಮ ಕಾಲೇಜಿನ ನೆಟ್ಟಿಗೆ ಕಾವಲು ನಿಲ್ಲುವ ಫೈರ್‌ವಾಲ್ ಬೇಕು ಎಂದು ಮೊದಲು ಹೇಳಿದ್ದು ಮನುಷ್ಯರಲ್ಲ, ಒಂದು ನಮೂನೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ತುಂಬಿಸುವ ಕಾಗದಗಳಲ್ಲಿ ಐಟಿ ಸೌಲಭ್ಯದ ಬಗ್ಗೆ ಬರೆಯಲು ಜಾಗವಿದೆ; ಆ ಜಾಗ ಖಾಲಿ ಕಾಣಬಾರದಿತ್ತು. ಕಂಪನಿಯೊಂದರಿಂದ ಕೊಟೇಶನ್ ತರಿಸಿದರು. ಪೆಟ್ಟಿಗೆಯ ಬೆಲೆ ನೋಡಿ ಸೂಪರಿಂಟೆಂಡೆಂಟ್ ರಾಯರು ಸುಮ್ಮನಿದ್ದರು. ಅದರ ಕೆಳಗಿದ್ದ ವಾರ್ಷಿಕ ಲೈಸೆನ್ಸ್ ಸಾಲು ನೋಡಿದಾಗ ಮಾತ್ರ ಕನ್ನಡಕ ತೆಗೆದರು. "ಗೋಡೆಗೂ ವರ್ಷವರ್ಷ ಬಾಡಿಗೆಯೇನ್ರಿ?" ಕೊಟೇಶನ್ ಕಡತಕ್ಕೆ ಹೋಯಿತು. ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು. "ನೀನು ಬಿಸಿಎ ಅಲ್ಲವೇನಯ್ಯ? ಹೇಗೂ ಲ್ಯಾಬಿನಲ್ಲಿ ಕೂತಿರ್ತೀಯ. ನೋಡು ಏನಾದರೂ."

ಏನಾದರೂ ನೋಡುವುದೇ ಗುತ್ತಿಗೆಯವನ ಜಾಬ್ ಚಾರ್ಟ್.

ಲ್ಯಾಬಿನಿಂದ ಗುಜರಿಗೆಂದು ತೆಗೆದಿಟ್ಟಿದ್ದ ಕೋರ್ 2 ಡ್ಯುಯೊ ಮಷಿನ್ ಒಂದನ್ನು ಧೂಳು ಕೊಡವಿ ಎತ್ತಿಕೊಂಡೆ. 4 ಜಿಬಿ ರ್‍ಯಾಮ್. ಒಳಗೊಂದು, ಹೊರಗೊಂದು ಎಂದು ಎರಡು ತಂತಿ ಬೇಕಾದ್ದರಿಂದ ಇನ್ನೊಂದು ನೆಟ್‌ವರ್ಕ್ ಕಾರ್ಡನ್ನು ನನ್ನದೇ ದುಡ್ಡಿನಲ್ಲಿ ತಂದು ಸಿಕ್ಕಿಸಿದೆ. (ಆ ಬಿಲ್ ಇನ್ನೂ ಪಾಸಾಗಿಲ್ಲ, ಕಾರ್ಡಿಗೆ ಸ್ಟಾಕ್ ರಿಜಿಸ್ಟರಿನಲ್ಲಿ ನಂಬರ್ ಇಲ್ಲವಂತೆ.) ಅದಕ್ಕೆ ಪಿಎಫ್‌ಸೆನ್ಸ್ ಹಾಕಿದೆ. ದುಡ್ಡು ಕೇಳದ ತಂತ್ರಾಂಶ, ಫ್ರೀಬಿಎಸ್‌ಡಿ ಎಂಬ ಯುನಿಕ್ಸ್ ಸಂತತಿಯ ಮೇಲೆ ಕೂತದ್ದು, 2004ರಲ್ಲಿ ಮೊನೊವಾಲ್ ಎಂಬುದರಿಂದ ಕವಲೊಡೆದದ್ದು. ಅದರ ಹೊಟ್ಟೆಯಲ್ಲಿ ಕೂತು ನಿಜವಾಗಿ ಜರಡಿ ಹಿಡಿಯುವುದು ಪಿಎಫ್. ಓಪನ್‌ಬಿಎಸ್‌ಡಿಯವರು ಮೊದಲು ಐಪಿಫಿಲ್ಟರ್ ಎಂಬುದನ್ನು ಬಳಸುತ್ತಿದ್ದರು. ಲೈಸೆನ್ಸ್ ಮಾತಿಗೆ ಮಾತು ಬೆಳೆದು 2001ರಲ್ಲಿ ಅದನ್ನು ಕಿತ್ತೇ ಹಾಕಿದರು. ಡೇನಿಯಲ್ ಹಾರ್ಟ್‌ಮೈಯರ್ ಎಂಬವರು ಹೊಸದಾಗಿ ಪಿಎಫ್ ಬರೆದರು. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ 3.0 ಆವೃತ್ತಿಯಲ್ಲಿ ಅದು ಸೇರಿತ್ತು. ಅಂದರೆ, ಒಳಗೆ ಬೇರುಬಿಟ್ಟದ್ದನ್ನೂ ಕಿತ್ತುಹಾಕಿ ಕೆಲಸ ನಡೆಸಿದ ಉದಾಹರಣೆ ತಮ್ಮ ವಂಶದಲ್ಲೇ ಇದೆ. ಸುಮ್ಮನೆ ಹೇಳಿದೆ, ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಮೊದಲ ರಾತ್ರಿ ಮಷಿನ್ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಇವೆರಡರಲ್ಲಿ ವ್ಯಾನ್ ಯಾವುದು, ಲ್ಯಾನ್ ಯಾವುದು? ಲ್ಯಾನ್ ಅಂದರೆ ಒಳಗಿನ ಲ್ಯಾಬಿನ ಕಡೆ, ವ್ಯಾನ್ ಅಂದರೆ ಹೊರಗಿನ ಇಂಟರ್‌ನೆಟ್ ಬಂದು ತಾಗುವ ಕಡೆ. ಅಟೆಂಡರ್ ಮಂಜಣ್ಣನಿಗೆ ಇದನ್ನು ವಿವರಿಸುವಾಗ ಅವನು ಕಿಟಕಿಯಿಂದ ಕಾಲೇಜಿನ ವ್ಯಾನನ್ನೇ ನೋಡುತ್ತಿದ್ದ. ಪರದೆಯ ಮೇಲೆ ಕಾರ್ಡುಗಳಿಗೆ ಇಎಂ-ಸೊನ್ನೆ, ಆರ್‌ಇ-ಸೊನ್ನೆ ಎಂದು ಹೆಸರು. ಬೆನ್ನಿನಲ್ಲಿ ಯಾವ ತೂತು ಯಾವುದು ಎಂದು ಎಲ್ಲೂ ಬರೆದಿಲ್ಲ. ಒಂದು ತಂತಿ ಎಳೆದು ಯಾವ ದೀಪ ಆರಿತೆಂದು ನೋಡಬೇಕು, ಮತ್ತೆ ಸಿಕ್ಕಿಸಬೇಕು. ನಾನು ನೋಡಿ, ಬರೆದುಕೊಂಡು, ಆಮೇಲೆ ಉಲ್ಟಾ ಸಿಕ್ಕಿಸಿದೆ.

ಅದು ಸರಿಯಾದ ಮೇಲೂ ನೆಟ್ ಬರಲಿಲ್ಲ. ಎರಡು ಸಂಜೆ ಹೋಯಿತು. ಇಂಟರ್‌ನೆಟ್ ಕೊಟ್ಟವರ ಪೆಟ್ಟಿಗೆಯ ವಿಳಾಸ 192.168.1.1. ಪಿಎಫ್‌ಸೆನ್ಸ್ ಹುಟ್ಟುತ್ತಲೇ ಒಳಮುಖಕ್ಕೆ ಇಟ್ಟುಕೊಳ್ಳುವ ವಿಳಾಸವೂ 192.168.1.1. ಮನೆಯ ಮುಂಬಾಗಿಲಿಗೂ ಹಿತ್ತಿಲ ಬಾಗಿಲಿಗೂ ಒಂದೇ ಬೀದಿಯ ಹೆಸರು ಬರೆದ ಹಾಗೆ; ಹೊರಗೆ ಹೋಗಬೇಕಾದವನು ನಡುಮನೆಯಲ್ಲಿ ನಿಂತು ತಲೆ ಕೆರೆದುಕೊಳ್ಳುತ್ತಾನೆ. ಒಳಗಿನ ಬಳಕೆಗೆಂದೇ ಮೂರು ದೊಡ್ಡ ಕೇರಿಗಳ ವಿಳಾಸವನ್ನು 1996ರಲ್ಲೇ ಬಿಟ್ಟುಕೊಟ್ಟಿದ್ದಾರೆ. ಒಂದು ಕೇರಿಯಲ್ಲಂತೂ 1 ಕೋಟಿ 67 ಲಕ್ಷಕ್ಕೂ ಹೆಚ್ಚು ವಿಳಾಸ. ಆದರೂ ಜಗತ್ತಿನ ಪೆಟ್ಟಿಗೆಗಳೆಲ್ಲ ಒಂದೇ ಮನೆ ನಂಬರಿಗೆ ಜೋತುಬಿದ್ದಿವೆ. ಲ್ಯಾಬನ್ನು 10ರಿಂದ ಶುರುವಾಗುವ ಕೇರಿಗೆ ವರ್ಗಾಯಿಸಿದ ಮೇಲೆ, ರಾತ್ರಿ ಎಂಟೂವರೆಗೆ, ನೆಟ್ ಬಂತು. ನೋಡಲು ನಾನೊಬ್ಬನೇ ಇದ್ದೆ.

ಆಮೇಲೆ ಮುಂಗಾರಿನ ಮುಂಚಿನ ಗುಡುಗು. ನಮ್ಮ ಕಡೆ ಮೇ ತಿಂಗಳಲ್ಲಿ ಮೋಡ ಕಂಡರೆ ಮೊದಲು ಟಿವಿ ಕೇಬಲ್ ಕೀಳುತ್ತಾರೆ, ಆಮೇಲೆ ಬಟ್ಟೆ ತೆಗೆಯುತ್ತಾರೆ. ಒಂದು ರಾತ್ರಿ ಕರೆಂಟು ಹೋಗಿ, ಯುಪಿಎಸ್ ಸುಸ್ತಾಗಿ, ಮಷಿನ್ ಆರಿತು. ಬೆಳಿಗ್ಗೆ ಎದ್ದಿತು, ಆದರೆ ಯಾವ ಸೈಟೂ ಬರದು. ತಂತಿ ನೋಡಿದೆ, ಕಾರ್ಡ್ ನೋಡಿದೆ, ಇಂಟರ್‌ನೆಟ್ ಕೊಟ್ಟವರಿಗೆ ಫೋನ್ ಮಾಡಿ ಬೈದೆ (ತಪ್ಪು ನನ್ನದೇ ಇತ್ತು, ಇಲ್ಲೇ ಕ್ಷಮೆ ಕೇಳುತ್ತೇನೆ). ಮಧ್ಯಾಹ್ನದ ಹೊತ್ತಿಗೆ ಪರದೆಯ ಮೂಲೆಯ ತಾರೀಕು ಕಣ್ಣಿಗೆ ಬಿತ್ತು: 2008, ಜನವರಿ 1. ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಸತ್ತಿತ್ತು. ಗಡಿಯಾರವನ್ನು ಇಂಟರ್‌ನೆಟ್ಟಿನಿಂದಲೇ ಸರಿಮಾಡಿಕೊಳ್ಳುವ ವ್ಯವಸ್ಥೆ ಇದೆ. ಆದರೆ ಸಮಯ ಹೇಳುವ ಸರ್ವರಿನ ಹೆಸರನ್ನು ಮೊದಲು ವಿಳಾಸವಾಗಿ ಬಿಡಿಸಬೇಕು. ಆ ಬಿಡಿಸುವವನು ಬಂದ ಉತ್ತರದ ಸಹಿ ಪರೀಕ್ಷಿಸುತ್ತಾನೆ. ಸಹಿಗೆ ಅವಧಿ ಇದೆ. 2008ರಲ್ಲಿ ಕೂತು ನೋಡುವವನಿಗೆ ಈ ಸಹಿಗಳೆಲ್ಲ ಇನ್ನೂ ಹುಟ್ಟೇ ಇಲ್ಲ. ಹೀಗಾಗಿ ಗಡಿಯಾರ ಸರಿಯಾಗಲು ಹೆಸರು ಬೇಕು, ಹೆಸರು ಸಿಗಲು ಗಡಿಯಾರ ಸರಿ ಇರಬೇಕು. ಆದಾಯ ಪ್ರಮಾಣಪತ್ರಕ್ಕೆ ರೇಷನ್ ಕಾರ್ಡ್ ತನ್ನಿ, ರೇಷನ್ ಕಾರ್ಡಿಗೆ ಆದಾಯ ಪ್ರಮಾಣಪತ್ರ ತನ್ನಿ ಎಂದು ಎರಡು ಕಿಟಕಿಗಳ ನಡುವೆ ಓಡಾಡಿದವರಿಗೆ ಈ ನೆಟ್‌ವರ್ಕಿಂಗ್ ಪಾಠ ಬೇರೆ ಮಾಡಬೇಕಾಗಿಲ್ಲ. ವಾಚ್ ಅಂಗಡಿಯಲ್ಲಿ ಬ್ಯಾಟರಿಗೆ 30 ರೂಪಾಯಿ.

ರೂಲ್ ಬರೆಯಲು ಕಲಿತದ್ದು ಇನ್ನೊಂದು ಅಧ್ಯಾಯ. ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತಾರೆ, ಮೊದಲು ಹೊಂದಿದ್ದೇ ಅಂತಿಮ. ಕೆಳಗೆ ಎಷ್ಟೇ ಕಟ್ಟುನಿಟ್ಟಾಗಿ "ಬಿಡಬೇಡಿ" ಎಂದು ಬರೆದಿದ್ದರೂ, ಮೇಲೊಬ್ಬ "ಬಿಡಿ" ಎಂದಿದ್ದರೆ ಮುಗಿಯಿತು. ಇದು ನನಗೆ ಬೇಗ ಅರ್ಥವಾಯಿತು, ಕಾಲೇಜು ಆಫೀಸಿನಲ್ಲಿ ಎರಡು ವರ್ಷ ಇದ್ದೆನಲ್ಲ. ತಲೆಗೆ ಹೋಗದೆ ಕಾಡಿದ್ದು ದಿಕ್ಕು. ಲ್ಯಾಬಿನ ಹುಡುಗರು ಒಂದು ಆಟದ ಸೈಟಿಗೆ ಹೋಗದಂತೆ ತಡೆಯಬೇಕಿತ್ತು. ಹೋಗುವುದು ಹೊರಗಡೆ ತಾನೆ ಎಂದು ವ್ಯಾನ್ ಪಟ್ಟಿಯಲ್ಲಿ ರೂಲ್ ಬರೆದೆ. ಹುಡುಗರು ನನ್ನ ಎದುರಿಗೇ ಆಡಿದರು. ಇಲ್ಲಿನ ವಾಚ್‌ಮನ್ ತನ್ನ ಗೇಟಿನ ಮೂಲಕ ಫೈರ್‌ವಾಲ್ ಒಳಗೆ ಕಾಲಿಡುವವರ ಚೀಲ ಮಾತ್ರ ನೋಡುತ್ತಾನೆ, ಹೊರಡುವವರದ್ದಲ್ಲ. ಲ್ಯಾಬಿನ ಹುಡುಗ ಕಾಲಿಡುವುದು ಲ್ಯಾನ್ ಗೇಟಿನಲ್ಲಿ. ಅಲ್ಲಿ ತಡೆಯಬೇಕು. ರೂಲನ್ನು ಅಲ್ಲಿಗೆ ಸಾಗಿಸಿದ ಮೇಲೆ ಆಟ ನಿಂತಿತು. ಮಾರನೆಯ ದಿನದಿಂದ ಅವರು ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ಆಡಿದರು, ಅದು ಬೇರೆ ಮಾತು.

ತಡೆಯುವುದರಲ್ಲೂ ಎರಡು ಬಗೆ. ರಿಜೆಕ್ಟ್ ಅಂದರೆ "ಇಲ್ಲ, ಹೋಗಿ" ಎಂದು ಬಾಯಿಬಿಟ್ಟು ಹೇಳುವುದು. ಬಂದವನಿಗೆ ಕೂಡಲೇ ತಿಳಿಯುತ್ತದೆ. ಬ್ಲಾಕ್ ಅಂದರೆ ಏನೂ ಹೇಳದಿರುವುದು. ಪ್ಯಾಕೆಟ್ ತಲುಪಿತು ಅನ್ನುವುದಿಲ್ಲ, ತಿರಸ್ಕರಿಸಿದೆವು ಅನ್ನುವುದೂ ಇಲ್ಲ, ಕಳಿಸಿದವನು ಕಾದು ಕಾದು ತಾನೇ ಬಿಟ್ಟುಬಿಡಬೇಕು. ಒಳಗಿನವರಿಗೆ ರಿಜೆಕ್ಟ್, ಹೊರಗಿನ ಅಪರಿಚಿತರಿಗೆ ಬ್ಲಾಕ್ ಎಂದು ಬಲ್ಲವರು ಹೇಳುತ್ತಾರೆ. ನನ್ನ ಖಾಯಮಾತಿಯ ಮನವಿಗಳು ಮೂರು ಸಲ ಆಡಳಿತ ಮಂಡಳಿಗೆ ಹೋಗಿವೆ. ಅವರು ನನ್ನನ್ನು ಯಾವ ಕಡೆಯವನೆಂದು ಎಣಿಸಿದ್ದಾರೆ ಎಂಬುದು ಈ ತಾಂತ್ರಿಕ ಜ್ಞಾನದಿಂದಲೇ ನನಗೆ ಹೊಳೆದದ್ದು.

ಒಂದು ಭಾನುವಾರ ನನ್ನನ್ನು ನಾನೇ ಹೊರಗೆ ಹಾಕಿಕೊಂಡೆ. ಅಡ್ಮಿನ್ ಪರದೆಗೆ ಲ್ಯಾನ್ ಕಡೆಯಿಂದ ದಾರಿ ಯಾವತ್ತೂ ಮುಚ್ಚದಂತೆ ಪಿಎಫ್‌ಸೆನ್ಸ್ ತಾನೇ ಒಂದು ರೂಲ್ ಹಾಕಿಕೊಂಡಿರುತ್ತದೆ. ದಡ್ಡರಿಗೆ ಇರಬೇಕು ಎಂದು ಅದನ್ನು ತೆಗೆದು, ಮೇಲೊಂದು ತಡೆ ಬರೆದು, ಉಳಿಸಿದೆ. ಆಮೇಲೆ ಮಾನಿಟರ್, ಕೀಬೋರ್ಡ್ ಹೊತ್ತುಕೊಂಡು ಮೆಟ್ಟಿಲ ಕೆಳಗೆ ತೂರಿ, ಟಾರ್ಚ್ ಕಚ್ಚಿಕೊಂಡು, ಇಡೀ ಗೋಡೆಯನ್ನು ಒಂದು ಕ್ಷಣ ಮಲಗಿಸುವ ಆಜ್ಞೆ ಕೊಟ್ಟು ಒಳಗೆ ಬಂದೆ. ಮಂಜಣ್ಣ ಬಾಗಿಲಲ್ಲಿ ನಿಂತು "ಇಲಿ ಇದಾವೇನ್ ಸಾರ್?" ಎಂದ.

ಇಷ್ಟೆಲ್ಲ ಆಗಿ ತಮ್ಮ ಜನನ. ವ್ಯಾನ್ ಪಟ್ಟಿ ಅಷ್ಟು ಹೊತ್ತಿಗೆ ಚೊಕ್ಕಟವಾಗಿತ್ತು. ಅಲ್ಲಿ ಏನೂ ಬರೆಯದಿದ್ದರೆ ಹೊರಗಿನಿಂದ ತಾನಾಗಿ ಯಾರೂ ಒಳಗೆ ಬರುವಂತಿಲ್ಲ; ಒಳಗಿನವರು ಕೇಳಿದ್ದಕ್ಕೆ ಉತ್ತರ ಮಾತ್ರ ಬರಬಹುದು. ಬರೆಯದೇ ಇರುವುದೇ ಅತ್ಯಂತ ಬಿಗಿಯಾದ ರೂಲ್; ಅದರ ಹೆಸರು ಡಿಫಾಲ್ಟ್ ಡಿನೈ. ಆ ಬಿಳಿ ಹಾಳೆಯನ್ನು ನಾನು ಆಗಾಗ ತೆರೆದು ನೋಡಿ ಸಂತೋಷಪಡುತ್ತಿದ್ದೆ.

ಶುಕ್ರವಾರ. ಸೋಮವಾರ ನ್ಯಾಕ್ ತಂಡ. ಕಾರಿಡಾರಿನಲ್ಲಿ ಹದಿನಾರು ಕ್ಯಾಮೆರಾ, ಅವುಗಳ ಚಿತ್ರ ಹಿಡಿದಿಡುವ ಡಿವಿಆರ್ ಸ್ಟಾಫ್ ರೂಮಿನ ಬೀರುವಿನ ಮೇಲೆ. ಕ್ಯಾಮೆರಾ ಹಾಕಲು ಬಂದ ಹುಡುಗ ಮಧ್ಯಾಹ್ನ ಮೂರಕ್ಕೆ ನನ್ನ ಬಳಿ ಬಂದ.

"ಸಾರ್, ಫೋನಲ್ಲಿ ಹೊರಗಿಂದ ನೋಡೋ ಹಾಗೆ ಮಾಡ್ಬೇಕಂತೆ. ಪೋರ್ಟ್ ಓಪನ್ ಮಾಡಿಕೊಡಿ."

"ಯಾವ ಪೋರ್ಟ್?"

"ಅದು ನಂಗೆ ಗೊತ್ತಿಲ್ಲ ಸಾರ್. ಎಲ್ಲಾ ಬಿಟ್ಬಿಡಿ, ಆಮೇಲೆ ಬೇಡದ್ದು ಮುಚ್ಕೊಂಡ್ರಾಯ್ತು. ಅರ್ಧ ಗಂಟೆ ಕೆಲಸ. ನಂಗೆ ತೀರ್ಥಹಳ್ಳಿ ಬಸ್ಸಿದೆ."

ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತಿದ್ದರು. ನಾನು 1ರಿಂದ 65535ರವರೆಗೆ ಎಂದು ಒತ್ತಿದೆ. ಷರಾ ಬರೆದೆ. ಹುಡುಗನ ಫೋನಿನಲ್ಲಿ ನಮ್ಮ ಕಾರಿಡಾರ್ ಮೂಡಿತು. ಪ್ರಿನ್ಸಿಪಾಲರು ತಮ್ಮ ಬೆನ್ನನ್ನು ತಾವೇ ನೋಡಿ ನಕ್ಕರು. ಹುಡುಗ ಬಸ್ಸಿಗೆ ಹೋದ. ಡಿವಿಆರ್‌ನ ಪಾಸ್‌ವರ್ಡ್ ಏನಿಟ್ಟಿದ್ದಾನೆ ಎಂದು ಕೇಳಲು ನನಗೆ ಹೊಳೆಯಲಿಲ್ಲ. ಅವನು ಏನೂ ಇಟ್ಟಿರಲಿಲ್ಲ. ಕಾರ್ಖಾನೆಯಿಂದ ಬಂದದ್ದೇ ಇತ್ತು, ಪೆಟ್ಟಿಗೆಯ ತಳದ ಚೀಟಿಯಲ್ಲಿ ಅಚ್ಚಾಗಿತ್ತು. ಸಂಜೆ ನಾನು ಸ್ವಾಗತದ ಬ್ಯಾನರ್ ಕಟ್ಟುತ್ತಿದ್ದೆ. ಸೋಮವಾರ ತಂಡ ಬಂತು, ಹೋಯಿತು. ತಾವು ಉಳಿದಿರಿ.

ತಾವು ಸದ್ದು ಮಾಡಿದ್ದರೆ ನನಗೂ ನೆನಪಾಗುತ್ತಿತ್ತು. ಆದರೆ ತಡೆದವರ ಹೆಸರನ್ನು ಫೈರ್‌ವಾಲ್ ತಾನಾಗಿ ಬರೆದಿಡುತ್ತದೆಯೇ ಹೊರತು, ಬಿಟ್ಟವರದ್ದನ್ನು ಬರೆಯುವುದಿಲ್ಲ. ಅದಕ್ಕೆ ಬೇರೆ ಒಂದು ಚೌಕಕ್ಕೆ ಗುರುತು ಹಾಕಬೇಕು. ಎಲ್ಲ ಕಚೇರಿಗಳಲ್ಲೂ ಹೀಗೆಯೇ ಇರಬಹುದು: ವಾಪಸ್ ಹೋದ ಅರ್ಜಿಗೆ ದಾಖಲೆ ಉಂಟು, ಹಿಂಬಾಗಿಲಲ್ಲಿ ಬಂದವರಿಗೆ ಇಲ್ಲ. ರಾತ್ರಿ ಹೊತ್ತು ಕಾಲೇಜಿನ ನೆಟ್ ನಿಧಾನವಾಗುತ್ತಿತ್ತು. ಡಿವಿಆರ್ ಆಗಾಗ ನಿಂತುಬಿಡುತ್ತಿತ್ತು. ಆರಿಸಿ ಹಾಕಿದರೆ ಸರಿಹೋಗಿ, ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಅವಸ್ಥೆ. ಬೀರುವಿನ ಮೇಲೆ ಸೆಖೆ ಜಾಸ್ತಿ ಎಂದು ನಿರ್ಧರಿಸಿ ಮಂಜಣ್ಣ ಅದಕ್ಕೊಂದು ಟೇಬಲ್ ಫ್ಯಾನ್ ಇಟ್ಟ.

ಹೋದ ತಿಂಗಳು ಬೇರೆ ಏನೋ ಹುಡುಕುತ್ತ ವ್ಯಾನ್ ಪಟ್ಟಿ ತೆರೆದೆ. ತಾವು. ತಮ್ಮ ಪಕ್ಕದ ಕಾಲಂನಲ್ಲಿ ಲ್ಯಾಬ್ ಪೂರ್ತಿ ಒಂದು ತಿಂಗಳು ಬಳಸದಷ್ಟು ಡೇಟಾ. ಚೌಕಕ್ಕೆ ಗುರುತು ಹಾಕಿ ಒಂದು ಟೀ ಕುಡಿದು ಬಂದೆ. ಅಷ್ಟರಲ್ಲಿ ಪರದೆ ತುಂಬಿ ಹೋಗಿತ್ತು. ಪೋರ್ಟ್ 23 ಬಡಿದವರು, 22, 3389. 2017ರ ಮೇ 12ರಂದು ವನ್ನಾಕ್ರೈ ಎಂಬ ಮಾರಿ ಜಗತ್ತಿನ ಆಸ್ಪತ್ರೆ, ಕಾರ್ಖಾನೆಗಳಿಗೆಲ್ಲ ನುಗ್ಗಿದ ಆ 445ನೇ ಬಾಗಿಲನ್ನು ಬಡಿಯುವವರು ಇವತ್ತಿಗೂ ಇದ್ದಾರೆ. ಯಾವ ಯಾವ ದೇಶದ ವಿಳಾಸವೋ.

ಪ್ರಿನ್ಸಿಪಾಲರಿಗೆ ತೋರಿಸಿದೆ. ಅವರು ಸಹಜವಾಗಿಯೇ ಕೇಳಿದರು: "ನಮ್ಮಂಥ ತಾಲ್ಲೂಕು ಕಾಲೇಜು ಅವರಿಗೆ ಹ್ಯಾಗಯ್ಯ ಗೊತ್ತು?" ಗೊತ್ತಿಲ್ಲ ಸಾರ್, ಗೊತ್ತಿರಬೇಕಾಗಿಯೂ ಇಲ್ಲ. ಹಳೆಯ ಬಗೆಯ ವಿಳಾಸಗಳು ಇರುವುದೇ ಒಟ್ಟು 429 ಕೋಟಿ ಚಿಲ್ಲರೆ. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಜೆಡ್‌ಮ್ಯಾಪ್ ಎಂಬ ಸಲಕರಣೆ ಮಾಡಿ, ಒಂದೇ ಕಂಪ್ಯೂಟರಿನಿಂದ ಇಂಟರ್‌ನೆಟ್ಟಿನ ಅಷ್ಟೂ ಮನೆಗಳ ಒಂದೊಂದು ಬಾಗಿಲನ್ನು ಸುಮಾರು 45 ನಿಮಿಷದಲ್ಲಿ ತಟ್ಟಿ ಬರಬಹುದು ಎಂದು ತೋರಿಸಿದರು. ಕಳ್ಳ ನಮ್ಮ ಊರಿನ ಹೆಸರು ಕೇಳಿ ಬರುವುದಿಲ್ಲ. ಅವನು ಊರೂರಿನ ಚಿಲಕ ಅಲ್ಲಾಡಿಸುತ್ತ ಹೋಗುತ್ತಾನೆ, ಸಡಿಲ ಇದ್ದದ್ದು ತೆರೆದುಕೊಳ್ಳುತ್ತದೆ.

ಸಡಿಲ ಚಿಲಕಗಳ ಇತಿಹಾಸದಲ್ಲಿ ಕ್ಯಾಮೆರಾಗಳ ಸ್ಥಾನ ದೊಡ್ಡದು. 2016ರಲ್ಲಿ ಮಿರಾಯ್ ಎಂಬ ಹುಳು ಬಂತು. ಅದರ ಬುದ್ಧಿವಂತಿಕೆ ಏನೂ ಇಲ್ಲ: ಅರವತ್ತು ಚಿಲ್ಲರೆ ಕಾರ್ಖಾನೆ ಪಾಸ್‌ವರ್ಡುಗಳ ಪಟ್ಟಿ ಹಿಡಿದು, 23ನೇ ಬಾಗಿಲಲ್ಲಿ ಒಂದೊಂದೇ ಹೇಳಿ ನೋಡುವುದು. ಲಕ್ಷಗಟ್ಟಲೆ ಡಿವಿಆರ್, ಕ್ಯಾಮೆರಾ, ರೂಟರುಗಳು "ಬನ್ನಿ" ಅಂದವು. ಬರೆದ ಮೂವರು ಅಮೆರಿಕದ ಎಳೆಯ ಹುಡುಗರು, ಮೈನ್‌ಕ್ರಾಫ್ಟ್ ಆಟದ ಸರ್ವರುಗಳ ಪೈಪೋಟಿಯಿಂದ ಶುರುಮಾಡಿಕೊಂಡವರು. ಆಮೇಲೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು. ಅಷ್ಟರಲ್ಲಿ ಅವರ ಸೋರ್ಸ್ ಕೋಡ್ ಬಯಲಾಗಿತ್ತು. 2016ರ ಅಕ್ಟೋಬರ್ 21ರಂದು ಅಂಥದ್ದೇ ಪೆಟ್ಟಿಗೆಗಳ ದಂಡು ಸೈಟುಗಳ ಹೆಸರನ್ನು ವಿಳಾಸವಾಗಿ ಬಿಡಿಸಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ಬಿದ್ದು, ಟ್ವಿಟರ್, ನೆಟ್‌ಫ್ಲಿಕ್ಸ್ ಕೂಡ ಅಮೆರಿಕದಲ್ಲಿ ಗಂಟೆಗಟ್ಟಲೆ ತೆರೆಯಲಿಲ್ಲ. ಮಿರಾಯ್ ಕೂರುವುದು ಮೆಮೊರಿಯಲ್ಲಿ ಮಾತ್ರ. ಪೆಟ್ಟಿಗೆ ಆರಿಸಿದರೆ ಹೋಗುತ್ತದೆ. ಬಾಗಿಲು ಹಾಗೇ ಇದ್ದರೆ ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ. ನಮ್ಮ ಡಿವಿಆರ್ ಒಳಗಿದ್ದವರು ಅದೇ ಕುಲದವರೋ ಬೇರೆಯವರೋ ನಾನು ಹೇಳಲಾರೆ. ಫ್ಯಾನ್ ಗಾಳಿ ಮಾತ್ರ ಅವರಿಗೂ ಸಿಕ್ಕಿದೆ.

ಇಂಥದ್ದು ಕಣ್ಣಿಗೆ ಬಿದ್ದರೆ 6 ಗಂಟೆಯೊಳಗೆ ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್‌ಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಂಡಿರಬೇಕು ಎಂದು 2022ರ ಏಪ್ರಿಲ್ 28ರ ನಿರ್ದೇಶನವಿದೆ. ಹೇಳಿದೆ. ಸೂಪರಿಂಟೆಂಡೆಂಟ್ ರಾಯರು ಪೂರ್ತಿ ಸಹಕಾರ ಕೊಟ್ಟರು. "ಟಿಪ್ಪಣಿ ಬರೆದು ಕಡತ ಮಂಡಿಸಿ. ಆಡಳಿತ ಮಂಡಳಿ ಅಧ್ಯಕ್ಷರು ಗುರುವಾರ ಬರ್ತಾರೆ." ಅಂದು ಶನಿವಾರ. ಆರು ಗಂಟೆ ಯಾವ ದಿನದ್ದು ಎಂದು ನಿರ್ದೇಶನದಲ್ಲಿ ಇದೆಯಾ ಎಂದೂ ಕೇಳಿದರು. ಕಡತಕ್ಕೆ ಕಾಯದೆ ನಾನೇ ಇಮೇಲ್ ಕಳಿಸಿದೆ. ಹುದ್ದೆಯ ಹೆಸರು ಬರೆಯುವಲ್ಲಿ ಸ್ವಲ್ಪ ಹೊತ್ತು ಕೈ ನಿಂತಿತು.

ಅವತ್ತೇ ಮಧ್ಯಾಹ್ನ ತಮ್ಮನ್ನು ಡಿಸೇಬಲ್ ಮಾಡಿದೆ. ತಾವು ಬೂದು ಬಣ್ಣಕ್ಕೆ ತಿರುಗಿದಿರಿ. ಆಗಲೇ ನನಗೆ ಈ ವಿದ್ಯೆಯ ಕೊನೆಯ ಪಾಠ ಸಿಕ್ಕಿದ್ದು: ತಾವು ಹೋದರೂ ತಾವು ಒಳಗೆ ಬಿಟ್ಟವರು ಹೋಗಿರಲಿಲ್ಲ. ಒಮ್ಮೆ ಕೂಡಿದ ಸಂಪರ್ಕವನ್ನು ಫೈರ್‌ವಾಲ್ ಸ್ಟೇಟ್ ಪಟ್ಟಿ ಎಂಬ ಬೇರೆಯೇ ಪುಸ್ತಕದಲ್ಲಿ ಬರೆದಿಟ್ಟಿರುತ್ತದೆ. ಅದರಲ್ಲಿ ಹೆಸರಿದ್ದವರಿಗೆ ರೂಲ್ ಮತ್ತೆ ಓದುವುದಿಲ್ಲ. ನೇಮಕ ಮಾಡಿದವರು ಮನೆಗೆ ಹೋದರೂ ನೇಮಕವಾದವರು ಕುರ್ಚಿ ಬಿಡದ ಹಾಗೆ. ಆ ಪುಸ್ತಕ ತೆರೆದು, ಡಿವಿಆರ್ ಹೆಸರಿನ ಸಾಲುಗಳನ್ನೆಲ್ಲ ಹೊಡೆದುಹಾಕಿದೆ. ಡಿವಿಆರ್ ಅನ್ನು ರೀಸೆಟ್ ಮಾಡಿ, ಹೊಸ ಫರ್ಮ್‌ವೇರ್ ತುಂಬಿ, ಪಾಸ್‌ವರ್ಡ್ ಬದಲಾಯಿಸಿದೆ. ಮನೆಗೆ ಹೋಗಿ ಎರಡು ರಾತ್ರಿ ಚೆನ್ನಾಗಿ ಮಲಗಿದೆ.

ಸೋಮವಾರ ಬೆಳಿಗ್ಗೆ 9.10ಕ್ಕೆ ಬೆಂಗಳೂರಿನಿಂದ ಅಧ್ಯಕ್ಷರ ಫೋನ್. ಪ್ರಿನ್ಸಿಪಾಲರಿಗಲ್ಲ, ನೇರ ನನಗೆ. ಆರು ವರ್ಷದಲ್ಲಿ ಅವರು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ನಾಲ್ಕು ವರ್ಷದಿಂದ ಅವರು ದಿನಾ ಕಾಫಿ ಕುಡಿಯುತ್ತ, ಯಾವ ಲೆಕ್ಚರರ್ ಎಷ್ಟು ಹೊತ್ತಿಗೆ ಕ್ಲಾಸಿಗೆ ಹೋಗುತ್ತಾರೆಂದು ಫೋನಿನಲ್ಲಿ ನೋಡುತ್ತಿದ್ದರಂತೆ. ತಾವು ಖಾಯಂ ಆದ ಗುಟ್ಟು ನನಗೆ ಅಲ್ಲಿಗೆ ಅರ್ಧ ತಿಳಿಯಿತು. ವಿಪಿಎನ್ ಹಾಕಿಕೊಡುತ್ತೇನೆ ಸಾರ್, ಅದೇ ಸರಿಯಾದ ದಾರಿ, ಪ್ರಪಂಚಕ್ಕೆಲ್ಲ ಬಾಗಿಲು ತೆರೆದಿಡುವುದು ಬೇಡ, ನಿಮ್ಮೊಬ್ಬರಿಗೇ ಒಂದು ಗುಪ್ತ ಕೊಳವೆ ಇದ್ದ ಹಾಗೆ ಅಂದೆ. "ಅದಕ್ಕೆ ನಾನೇನು ಮಾಡಬೇಕು?" "ಕ್ಯಾಮೆರಾ ನೋಡುವ ಮೊದಲು ಇನ್ನೊಂದು ಆ್ಯಪ್ ಒತ್ತಬೇಕು ಸಾರ್." ಆ ಕಡೆ ಸ್ವಲ್ಪ ಹೊತ್ತು ಮೌನ. ರಿಜೆಕ್ಟ್ ಅಲ್ಲ, ಬ್ಲಾಕ್. ಆಮೇಲೆ, "ಮೊದಲು ಇದ್ದ ಹಾಗೆ ಮಾಡಪ್ಪ. ನಿನ್ನ ರಿನ್ಯೂವಲ್ ಕಡತವೂ ನನ್ನ ಮುಂದೇ ಇದೆ ನೋಡು."

ಮೊದಲಿದ್ದ ಹಾಗೆ ಮಾಡಲಿಲ್ಲ. 65,535 ಬಾಗಿಲಿನಿಂದ ಒಂದಕ್ಕೆ ತಮಗೆ ಹಿಂಬಡ್ತಿ ಕೊಟ್ಟು ಮರುನೇಮಕ ಮಾಡಿದೆ. ಎಲ್ಲಿಂದ ಎಂಬಲ್ಲಿ ಈಗಲೂ "ಯಾರಾದರೂ" ಎಂದೇ ಇದೆ. ಅಧ್ಯಕ್ಷರ ಫೋನಿನ ವಿಳಾಸ ಶಿರಾಡಿ ಘಾಟಿಯಲ್ಲೊಂದು, ಬೆಂಗಳೂರಿನಲ್ಲೊಂದು, ಬರೆಯುವುದು ಯಾವುದನ್ನು? ಷರಾ ಬದಲಾಯಿಸಿಲ್ಲ. ಸಂಜೆ ತೆಗೆಯುವುದು.

ಈಗ ನನ್ನ ಕೋರಿಕೆಗೆ ಬರುತ್ತೇನೆ. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಒಂದು ತೀರ್ಪು ಕೊಟ್ಟಿದೆ. ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ಪ್ರಕರಣ. ನಮ್ಮ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಯವರು ಹೂಡಿದ ದಾವೆಯಿಂದ ಬೆಳೆದದ್ದು. ತಾತ್ಕಾಲಿಕವಾಗಿ ಬಂದವನು ಎಷ್ಟೋ ವರ್ಷ ಇದ್ದನೆಂಬ ಒಂದೇ ಕಾರಣಕ್ಕೆ ಖಾಯಂ ಆಗುವ ಹಕ್ಕು ಕೇಳುವಂತಿಲ್ಲ ಎಂಬುದು ಅದರ ಸಾರ. ನಮ್ಮದು ಸರ್ಕಾರಿ ಕಾಲೇಜಲ್ಲ. ಅದು ನಮಗೆ ಎಷ್ಟು ತಾಗುತ್ತದೋ ವಕೀಲರೇ ಹೇಳಬೇಕು. ಆದರೆ ನನ್ನ ಮನವಿ ಮೇಜಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಉಮಾದೇವಿ ಅನ್ನುತ್ತಾರೆ, ಉಳಿದವರು ತಲೆದೂಗುತ್ತಾರೆ, ಬಿಸ್ಕತ್ತಿನ ತಟ್ಟೆ ಮುಂದೆ ಸರಿಯುತ್ತದೆ. ತಮ್ಮ ಎದುರು ಆ ಹೆಸರನ್ನು ಯಾರೂ ಎತ್ತಲಿಲ್ಲ. ಹೇಗೆ ಸಾಧಿಸಿದಿರಿ? ಇದ್ದೂ ಇಲ್ಲದ ಹಾಗೆ ಇರುವುದೋ, ದೊಡ್ಡವರ ಬೆಳಗಿನ ಕಾಫಿಗೆ ಒದಗುವುದೋ, ಬಂದವರನ್ನೆಲ್ಲ ಏನೂ ಕೇಳದೆ ಒಳಗೆ ಬಿಡುವುದೋ? ಕಾಡಿಗೂ ಇಂಥದ್ದೇ ಒಂದು ಗೋಡೆ ಇದೆ: ಬೇಸಿಗೆ ಬಂದರೆ ಅರಣ್ಯ ಇಲಾಖೆಯವರು ಘಟ್ಟದಲ್ಲಿ ಬೆಂಕಿ ರೇಖೆ ಸವರುತ್ತಾರೆ. ಎಲೆ ಉದುರುತ್ತದೆ, ಮುಂದಿನ ವರ್ಷ ಮತ್ತೆ ಸವರಬೇಕು. ಆ ಕೆಲಸಕ್ಕೆ ಬರುವವರೂ ದಿನಗೂಲಿಯವರೇ. ಅಲ್ಲಿ ಉದುರಿ ಬಿದ್ದ ಒಂದು ಎಲೆ ಖಾಯಂ ಆದದ್ದನ್ನು ಮಾತ್ರ ನಾನು ನೋಡಿಲ್ಲ.

ನಾಳೆ ನನ್ನ ಬ್ರೇಕ್. ಹಿಂದಿನ ವರ್ಷಗಳಲ್ಲಿ ಆ ದಿನವೇ ನೆಟ್ ಹೋಗಿ, ಕಾಲೇಜಿಗೆ ಯಾರೂ ಅಲ್ಲದ ನನಗೆ ಹನ್ನೊಂದು ಸಲ ಫೋನ್ ಬಂದದ್ದುಂಟು. ಹೋಗಿ ರಿಪೇರಿ ಮಾಡಿದ್ದೂ ಉಂಟು. ಗೇಟಿನ ರಿಜಿಸ್ಟರಿನಲ್ಲಿ ಮಂಜಣ್ಣ ನನ್ನನ್ನು "ಸಂದರ್ಶಕರು" ಎಂದು ಬರೆದಿದ್ದ.

ಈ ಸಲ ಒಂದು ಬದಲಾವಣೆ ಮಾಡಿದ್ದೇನೆ. ಪಿಎಫ್‌ಸೆನ್ಸ್‌ನಲ್ಲಿ ವೇಳಾಪಟ್ಟಿ ಎಂಬ ಸೌಲಭ್ಯವಿದೆ. ಕ್ಯಾಲೆಂಡರಿನಲ್ಲಿ ಯಾವ ಚೌಕ ಒತ್ತುತ್ತೇವೋ ಆ ದಿನ ಮಾತ್ರ ರೂಲ್ ಕೆಲಸ ಮಾಡುತ್ತದೆ. ಅವಧಿ ಮುಗಿದ ಕೂಡಲೇ ಅದು ಒಳಗೆ ಬಿಟ್ಟವರನ್ನೂ ಜೊತೆಗೇ ಎಬ್ಬಿಸಿ ಕಳಿಸುತ್ತದೆ. ಇವತ್ತು ಸಂಜೆ ಕೂತು ಈ ತಿಂಗಳ ಚೌಕಗಳನ್ನೆಲ್ಲ ಒಂದೊಂದಾಗಿ ಒತ್ತಿ, ನಾಳೆಯದೊಂದನ್ನು ಬಿಟ್ಟು, ತಮ್ಮ ಹೆಸರಿಗೆ ಜೋಡಿಸಿದ್ದೇನೆ. ತಾತ್ಕಾಲಿಕರು ನಾವಿಬ್ಬರೂ ಒಂದೇ ದಿನ ರಜೆ ಹಾಕಿದಂತಾಯಿತು. ನಾಳಿದ್ದು ನನಗೆ ಆದೇಶ ಬಂದರೆ ತಮಗೂ ಚೌಕವಿದೆ. ನನಗೆ ಬರದಿದ್ದರೆ ಮುಂದಿನ ತಿಂಗಳ ಚೌಕ ಒತ್ತುವವರು ಯಾರೂ ಇಲ್ಲ.

ಬೆಳಿಗ್ಗೆ 9.10ಕ್ಕೆ ಫೋನ್ ಬರಬಹುದು. ನಾನು ತೋಟದಲ್ಲಿರುತ್ತೇನೆ, ಅಲ್ಲಿ ಸಿಗ್ನಲ್ ಇಲ್ಲ.



ಇಂತಿ ತಮ್ಮ ವಿಧೇಯ,
ಲ್ಯಾಬ್ ಅಸಿಸ್ಟೆಂಟ್ (ಇಂದು ಸಂಜೆ 5.00ರವರೆಗೆ)

ಪ್ರತಿಗಳು:
1. ಮಾನ್ಯ ಡಿಫಾಲ್ಟ್ ಡಿನೈ ಅವರಿಗೆ, ಮಾಹಿತಿಗಾಗಿ.
2. ಶ್ರೀ ಮಂಜಣ್ಣ, ಅಟೆಂಡರ್, ಇವರಿಗೆ. ಡಿವಿಆರ್ ಮುಂದಿನ ಟೇಬಲ್ ಫ್ಯಾನನ್ನು ಮೊದಲಿದ್ದ ಜಾಗಕ್ಕೆ ವಾಪಸ್ ಇಡಲು.
3. ಕಚೇರಿ ಪ್ರತಿ.